ಮರಳ ಮೇಲೆ ಇಬ್ಬರೇ: ಮಕ್ಕಳ ಬೀಚ್ ವಾಲಿಬಾಲ್ ಪಂದ್ಯಾಟ ನಡೆಸುವುದು ಹೀಗೆ

ಕರಾವಳಿಗೆ ವಾಲಿಬಾಲ್ ಹೊಸದಲ್ಲ. ಕೊಯ್ಲು ಮುಗಿದ ಗದ್ದೆಯಲ್ಲಿ ಕಂಬ ನೆಟ್ಟು, ರಾತ್ರಿಯಿಡೀ ಹೊನಲು ಬೆಳಕಿನ ಪಂದ್ಯಾಟ ನಡೆಸುವ ಯುವಕ ಮಂಡಲಗಳು ಇಲ್ಲಿ ಬೇಕಾದಷ್ಟಿವೆ. ಆ ಅನುಭವವನ್ನೇ ನಂಬಿ ಮಕ್ಕಳಿಗೆ ಬೀಚ್ ವಾಲಿಬಾಲ್ ಏರ್ಪಡಿಸಲು ಹೊರಟವರು ಎಡವುತ್ತಾರೆ. ಗದ್ದೆಯ ಆಟದಲ್ಲಿ ಒಂದು ಕಡೆಗೆ ಆರು ಮಂದಿ, ಹೊರಗೆ ಬದಲಿ ಆಟಗಾರರು, ಪಕ್ಕದಲ್ಲಿ ತರಬೇತುದಾರ. ಮರಳಿನಲ್ಲಿ ಇಬ್ಬರೇ. ಬದಲಿ ಆಟಗಾರ ಇಲ್ಲ. ಚೆಂಡು ಯಾರದು, ಗಾಳಿ ಎತ್ತ ಬೀಸುತ್ತಿದೆ, ಟೈಮ್ ಔಟ್ ಯಾವಾಗ ಕೇಳಬೇಕು ಎಂಬುದನ್ನೆಲ್ಲ ಆ ಇಬ್ಬರು ಮಕ್ಕಳೇ ತೀರ್ಮಾನಿಸಬೇಕು. ಹದಿಮೂರು, ಹದಿನಾಲ್ಕರ ವಯಸ್ಸಿನಲ್ಲಿ ಇಷ್ಟು ಹೊಣೆ ಕೊಡುವ ಆಟ ಅಪರೂಪ. ಹಾಗಾಗಿ ದೊಡ್ಡವರ ಕೆಲಸವೆಲ್ಲ ಮೊದಲ ಸೀಟಿಗೆ ಮುಂಚೆಯೇ ಮುಗಿಯಬೇಕು, ಆಮೇಲೆ ನಾವು ಸುಮ್ಮನಿರಬೇಕು. ಹಲವು ವರ್ಷ ತೀರದಲ್ಲಿ ಸೀಟಿ ಹಿಡಿದು ನಿಂತ ನನಗೆ ಇದರಲ್ಲಿ ಅನುಮಾನವೇ ಇಲ್ಲ.

ಈ ಆಟ 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಪದಕದ ಕ್ರೀಡೆಯಾಯಿತು. 2014ರಲ್ಲಿ ನಾನ್‌ಜಿಂಗ್‌ನ ಯುವ ಒಲಿಂಪಿಕ್ಸ್‌ಗೂ ಬಂತು. 2025ರ ಮೇ ತಿಂಗಳಲ್ಲಿ ದಿಯುನಲ್ಲಿ ನಡೆದ ಮೊದಲ ಖೇಲೋ ಇಂಡಿಯಾ ಬೀಚ್ ಗೇಮ್ಸ್‌ನಲ್ಲೂ ಇತ್ತು. ಮಕ್ಕಳು ಕೇಳುತ್ತಿದ್ದಾರೆ. ನಾವು ಸರಿಯಾಗಿ ಏರ್ಪಡಿಸಬೇಕು, ಅಷ್ಟೆ.

ದಿನ, ಜಾಗ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಮರಳನ್ನೇ ಕೊಚ್ಚಿಕೊಂಡು ಹೋಗುವ ಕಾಲ. ಆಗ ಪಂದ್ಯಾಟದ ಮಾತು ಬೇಡ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಭರತದ ನೀರು ಎಂದಿಗಿಂತ ಮೇಲೇರುತ್ತದೆ. ದಿನ ಗೊತ್ತುಮಾಡುವಾಗ ಕ್ಯಾಲೆಂಡರಿನಲ್ಲಿ ರಜೆಯ ಜತೆಗೆ ತಿಥಿಯನ್ನೂ ನೋಡಿ. ಕೈರಂಪಣಿ (ದಡದಿಂದ ಕೈಯಲ್ಲಿ ಎಳೆಯುವ ದೊಡ್ಡ ಬಲೆ) ಎಳೆಯುವ ಜಾಗ, ದೋಣಿ ಮೇಲೆಳೆದು ನಿಲ್ಲಿಸುವ ಜಾಗ ಆಟಕ್ಕೆ ಸೇರಿದ್ದಲ್ಲ. ಮೊದಲು ಅಲ್ಲಿನ ಮೀನುಗಾರ ಹಿರಿಯರನ್ನು ಕೇಳಿ, ಆಮೇಲೆ ಪಂಚಾಯಿತಿಗೂ ಪೊಲೀಸ್ ಠಾಣೆಗೂ ಅರ್ಜಿ ಕೊಡಿ.

ಮಕ್ಕಳಿಗೆ ರಾತ್ರಿ ಪಂದ್ಯ ಬೇಡವೇ ಬೇಡ. ನಿದ್ದೆ ಕೆಡುವುದು ಒಂದು ಕಾರಣ. ಚಳಿಗಾಲದ ರಾತ್ರಿಗಳಲ್ಲಿ ಕುಂದಾಪುರ, ಹೊನ್ನಾವರದ ಕಡೆಯ ತೀರಗಳಿಗೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ ಎಂಬುದು ಇನ್ನೊಂದು. ಮೊಟ್ಟೆಯೊಡೆದು ಬಂದ ಮರಿಗಳು ಬೆಳಕಿನತ್ತ ಹೊರಡುತ್ತವೆ. ಫ್ಲಡ್‌ಲೈಟ್ ಹಾಕಿದರೆ ಅವು ಕಡಲನ್ನು ಬಿಟ್ಟು ರಸ್ತೆಯ ಕಡೆ ತೆವಳುತ್ತವೆ.

ಬೆಳಿಗ್ಗೆ 7ರಿಂದ 10.30, ಸಂಜೆ 4ರಿಂದ 6. ಇಷ್ಟೇ ಆಟದ ಹೊತ್ತು. ನಡುಹಗಲಿನ ಒಣ ಮರಳು ಬರಿಗಾಲನ್ನು ಸುಡುತ್ತದೆ. ಸಂಜೆಯ ಪಂದ್ಯಕ್ಕೆ ಮುಂಚೆ ಅಂಕಣಕ್ಕೆ ನೀರು ಚಿಮುಕಿಸಿ, ಅಲ್ಲಿ ನೀವೇ ಬರಿಗಾಲಿನಲ್ಲಿ ಒಂದು ನಿಮಿಷ ನಿಂತು ನೋಡಿ.

ಅಂಕಣ ಹಾಕುವುದು

ಅಂಕಣದ ಅಳತೆ 16 ಮೀಟರ್ ಉದ್ದ, 8 ಮೀಟರ್ ಅಗಲ. ಸುತ್ತ ಎಲ್ಲ ಬದಿಗೂ ಕನಿಷ್ಠ 3 ಮೀಟರ್ ತೆರವು ಬೇಕು. ಅಂದರೆ ಒಂದು ಅಂಕಣಕ್ಕೆ 22 ಮೀಟರ್ ಉದ್ದ, 14 ಮೀಟರ್ ಅಗಲದ ಜಾಗ. ಉದ್ದ ಬದಿ ಉತ್ತರ–ದಕ್ಷಿಣವಾಗಿ, ಅಂದರೆ ತೀರಕ್ಕೆ ಸಮಾನಾಂತರವಾಗಿ ಇರಲಿ. ಆಗ ಸಂಜೆಯ ಸೂರ್ಯ ಯಾರ ಕಣ್ಣಿಗೂ ನೇರ ಹೊಡೆಯುವುದಿಲ್ಲ. ನಡುಗೆರೆ ಇಲ್ಲ, ದಾಳಿಯ ಗೆರೆಯೂ ಇಲ್ಲ.

ಮರಳು ಕನಿಷ್ಠ 40 ಸೆಂಟಿಮೀಟರ್ ಆಳಕ್ಕೆ ಸಡಿಲವಾಗಿರಬೇಕು. ಕುಂಟೆಯಿಂದ ಒಂದು ಸಲ ಎಳೆದು ತೃಪ್ತರಾಗಬೇಡಿ. ನಾಲ್ಕೈದು ಜನ ಅಕ್ಕಪಕ್ಕ ಮಂಡಿಯೂರಿ, ಬೆರಳು ಆಡಿಸುತ್ತ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ. ಚಿಪ್ಪು, ಮೀನಿನ ಮುಳ್ಳು, ಬಾಟಲಿಯ ಚೂರು, ಬಲೆಯ ಸೀಸದ ಗುಂಡು, ತುಕ್ಕು ಹಿಡಿದ ಗಾಳ ಎಲ್ಲವೂ ಸಿಗುತ್ತವೆ. ಇದನ್ನು ಬೇರೆಯವರಿಗೆ ಬಿಡಬೇಡಿ. ಆಡುವ ಮಕ್ಕಳ ತಂದೆ ತಾಯಿಯರನ್ನೇ ಕರೆಯಿರಿ. ತಮ್ಮ ಮಗು ಬೀಳುವ ಜಾಗವನ್ನು ಅವರಷ್ಟು ಶ್ರದ್ಧೆಯಿಂದ ಇನ್ಯಾರೂ ಹುಡುಕುವುದಿಲ್ಲ.

ಗದ್ದೆಯ ಅಭ್ಯಾಸದಂತೆ ಸುಣ್ಣದ ಗೆರೆ ಎಳೆಯಬೇಡಿ. ಮರಳಿನಲ್ಲಿ ಮಕ್ಕಳು ಮುಖ ಅಡಿಯಾಗಿ ಬೀಳುತ್ತಾರೆ, ಸುಣ್ಣ ಕಣ್ಣನ್ನು ಸುಡುತ್ತದೆ. 5 ಸೆಂಟಿಮೀಟರ್ ಅಗಲದ ನೀಲಿ ಅಥವಾ ಕೆಂಪು ಪಟ್ಟಿಯೇ ಗೆರೆ. ನೈಲಾನ್ ಹಗ್ಗ ಕಾಲ್ಬೆರಳು ಕೊಯ್ಯುತ್ತದೆ, ಅದೂ ಬೇಡ. ಮೂಲೆಗಳಲ್ಲಿ ಕಬ್ಬಿಣದ ಗೂಟದ ಬದಲು ಮರಳು ತುಂಬಿದ ಬಟ್ಟೆ ಚೀಲವನ್ನು ಆಳಕ್ಕೆ ಹೂತು, ಪಟ್ಟಿಯನ್ನು ಅದಕ್ಕೆ ಕಟ್ಟಿ. ಕಂಬಗಳನ್ನು ಅಡ್ಡ ಹಗ್ಗ, ತಂತಿ ಎಳೆದು ನಿಲ್ಲಿಸುವುದಕ್ಕೆ ನಿಯಮದಲ್ಲೇ ಅವಕಾಶವಿಲ್ಲ. ಆಳಕ್ಕೆ ಹೂಳಬೇಕು, ಸುತ್ತ ದಪ್ಪ ಫೋಮ್ ಸುತ್ತಬೇಕು.

ಚೆಂಡು ಬೀಚ್ ವಾಲಿಬಾಲ್‌ನದ್ದೇ ಆಗಿರಲಿ. ತೂಕ ಒಳಾಂಗಣದ ಚೆಂಡಿನಷ್ಟೇ, 260ರಿಂದ 280 ಗ್ರಾಂ. ಸುತ್ತಳತೆ ಮಾತ್ರ ತುಸು ಹೆಚ್ಚು, 66ರಿಂದ 68 ಸೆಂಟಿಮೀಟರ್. ಒಳಗಿನ ಗಾಳಿಯ ಒತ್ತಡ ಬಹಳ ಕಡಿಮೆ. ಗಟ್ಟಿ ಚೆಂಡಿನಲ್ಲಿ ಆಡಿಸಿದರೆ ಚಿಕ್ಕವರ ಮುಂಗೈ ಕೆಂಪಾಗಿ ಊದಿಕೊಳ್ಳುತ್ತದೆ.

ವಯಸ್ಸು, ನೆಟ್‌ನ ಎತ್ತರ, ಉಡುಪು

ಅಂತರರಾಷ್ಟ್ರೀಯ ನಿಯಮದಂತೆ ನೆಟ್‌ನ ಎತ್ತರ ಪುರುಷರಿಗೆ 2.43 ಮೀಟರ್, ಮಹಿಳೆಯರಿಗೆ 2.24 ಮೀಟರ್. ಮಕ್ಕಳಿಗೆ ಇಳಿಸಬೇಕು. 16 ವರ್ಷದೊಳಗಿನವರಿಗೆ 2.24, 14ರೊಳಗಿನವರಿಗೆ 2.12, 12ರೊಳಗಿನವರಿಗೆ 2 ಮೀಟರ್. ಇದು ಹುಡುಗರಿಗೂ ಹುಡುಗಿಯರಿಗೂ ಒಂದೇ. ಅಳತೆಗೋಲಿನಿಂದ ನಡುವಿನಲ್ಲಿ ಅಳೆಯಿರಿ. ಆಟಗಾರರ ಓಡಾಟಕ್ಕೆ ಮರಳು ತಗ್ಗುತ್ತದೆ. ಎರಡು ಪಂದ್ಯಕ್ಕೊಮ್ಮೆ ಮರಳು ಸಮ ಮಾಡಿ ಮತ್ತೆ ಅಳೆಯಬೇಕು.

ವಯಸ್ಸಿನ ಲೆಕ್ಕಕ್ಕೆ ಯಾವ ದಿನಾಂಕ ಎಂಬುದನ್ನು ಆಮಂತ್ರಣದಲ್ಲೇ ಅಚ್ಚು ಹಾಕಿಸಿ. ಹೆಸರು ಬರೆಸುವ ದಿನವೇ ಜನನ ಪ್ರಮಾಣಪತ್ರ ನೋಡಿ, ಪಂದ್ಯದ ನಡುವೆ ಅಲ್ಲ. ದೊಡ್ಡ ಹುಡುಗನನ್ನು ಚಿಕ್ಕವರ ವಿಭಾಗದಲ್ಲಿ ನಿಲ್ಲಿಸಿ ಕಪ್ ಗೆಲ್ಲಿಸುವವರನ್ನು ನಾನು ಕಂಡಿದ್ದೇನೆ. ಆ ಹುಡುಗನಿಗೇ ಅದರಿಂದ ದೊಡ್ಡ ಅನ್ಯಾಯ. ತನ್ನ ಓರಗೆಯವರೊಡನೆ ಸೋತು ಕಲಿಯುವ ವರ್ಷಗಳು ಅವನಿಗೆ ಮತ್ತೆ ಸಿಗುವುದಿಲ್ಲ.

ಉಡುಪಿನ ಅಂಜಿಕೆಯಿಂದ ಹುಡುಗಿಯರನ್ನು ಕಳಿಸದ ಮನೆಗಳಿವೆ. ಅವರಿಗೆ ತಿಳಿಸಿ: ಚಡ್ಡಿ, ತೋಳಿರುವ ಅಂಗಿ ತೊಟ್ಟು ಆಡಲು ಅಂತರರಾಷ್ಟ್ರೀಯ ವಾಲಿಬಾಲ್ ಸಂಸ್ಥೆ 2012ರಲ್ಲೇ ಒಪ್ಪಿದೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಈಜಿಪ್ಟ್‌ನ ಮಹಿಳೆಯರು ಉದ್ದ ತೋಳಿನ ಅಂಗಿ, ಕಾಲು ಮುಚ್ಚುವ ಉಡುಪು ತೊಟ್ಟೇ ಆಡಿದರು. ಹುಡುಗಿಯರಿಗೆ ಬಟ್ಟೆ ಬದಲಿಸುವ ಕೋಣೆ, ಶೌಚಾಲಯ ಇಲ್ಲದ ತೀರದಲ್ಲಿ ಪಂದ್ಯಾಟ ಇಟ್ಟುಕೊಳ್ಳಬೇಡಿ.

ವೇಳಾಪಟ್ಟಿಯ ಲೆಕ್ಕ

16 ತಂಡ ಬಂದರೆ ನಾಲ್ಕು ಗುಂಪು. ಒಂದೊಂದು ಗುಂಪಿನಲ್ಲಿ 6 ಪಂದ್ಯ, ಒಟ್ಟು 24. ಪಂದ್ಯಕ್ಕೆ 40 ನಿಮಿಷ ಹಿಡಿದರೂ ಎರಡು ಅಂಕಣಗಳಲ್ಲಿ ಇವಿಷ್ಟಕ್ಕೇ 8 ಗಂಟೆ. ಬಿಸಿಲಿನ ಹೊತ್ತು ಬಿಟ್ಟರೆ ಒಂದು ದಿನದಲ್ಲಿ ಮುಗಿಯದು. ಎರಡು ದಿನ ಇಟ್ಟುಕೊಳ್ಳಿ, ಇಲ್ಲವೇ ಗುಂಪಿನ ಪಂದ್ಯಗಳನ್ನು 21 ಅಂಕದ ಒಂದೇ ಸೆಟ್‌ಗೆ ಇಳಿಸಿ. ಒಂದು ಮಗು ದಿನಕ್ಕೆ ಮೂರು ಪಂದ್ಯಕ್ಕಿಂತ ಹೆಚ್ಚು ಆಡಬಾರದು. ಬದಲಿ ಆಟಗಾರ ಇಲ್ಲದ ಆಟ ಇದು, ದಣಿದವನಿಗೆ ಕೂರುವ ಅವಕಾಶವೇ ಇಲ್ಲ. ಕುಡಿಯುವ ನೀರು, ಉಪ್ಪು ಹಾಕಿದ ಮಜ್ಜಿಗೆ, ಓಆರ್‌ಎಸ್, ನೆರಳು ಮತ್ತು ಪ್ರಥಮ ಚಿಕಿತ್ಸೆ ಬಲ್ಲ ಒಬ್ಬರು ಅಂಕಣದ ಪಕ್ಕದಲ್ಲೇ ಇರಲಿ.

ಮಕ್ಕಳಿಗೆ ಮೊದಲೇ ಹೇಳಬೇಕಾದ ನಿಯಮಗಳು

ಮೊದಲ ಪಂದ್ಯಕ್ಕೆ ಅರ್ಧ ಗಂಟೆ ಮುಂಚೆ ಎಲ್ಲ ತಂಡಗಳನ್ನೂ ಮರಳಿನ ಮೇಲೆ ಕೂರಿಸಿ ನಿಯಮ ವಿವರಿಸಿ. ಗದ್ದೆಯ ಆಟ ಆಡಿ ಬಂದ ಮಕ್ಕಳು ಎಡವುವ ಜಾಗಗಳನ್ನು ಆಡಿ ತೋರಿಸಿ.

ಎರಡು ಸೆಟ್ ಗೆದ್ದವರಿಗೆ ಪಂದ್ಯ. ಮೊದಲೆರಡು ಸೆಟ್ 21 ಅಂಕಕ್ಕೆ, ಮೂರನೆಯದು 15ಕ್ಕೆ. ಎಲ್ಲದರಲ್ಲೂ ಎರಡು ಅಂಕದ ಅಂತರ ಬೇಕು. ಎರಡೂ ತಂಡಗಳ ಅಂಕ ಕೂಡಿಸಿದಾಗ 7, 14, 21 ಹೀಗೆ ಬಂದಾಗಲೆಲ್ಲ ಬದಿ ಬದಲಾಯಿಸಬೇಕು. ಮೂರನೆಯ ಸೆಟ್‌ನಲ್ಲಿ ಐದೈದಕ್ಕೆ. ಗಾಳಿಯೂ ಬಿಸಿಲೂ ಇಬ್ಬರಿಗೂ ಸಮನಾಗಿ ಹಂಚಿಕೆಯಾಗಲೆಂದೇ ಈ ನಿಯಮ. 21–19ರಲ್ಲಿ ಮುಗಿದ ಸೆಟ್‌ನಲ್ಲಿ ಐದು ಸಲ ಬದಿ ಬದಲಾಗಿರುತ್ತದೆ. ಆದ್ದರಿಂದ ಟಾಸ್ ಗೆದ್ದವರು ಸರ್ವಿಸ್ ಬೇಕೋ ಬದಿ ಬೇಕೋ ಎಂದು ಆರಿಸುವ ಮುನ್ನ ಒಂದು ಹಿಡಿ ಮರಳನ್ನು ಮೇಲಿನಿಂದ ಬಿಟ್ಟು ಗಾಳಿ ನೋಡುವುದನ್ನು ಕಲಿಸಿ.

ಅಂಕಣದೊಳಗೆ ಯಾರು ಎಲ್ಲಿ ಬೇಕಾದರೂ ನಿಲ್ಲಬಹುದು. ಸರ್ವಿಸ್‌ನ ಸರದಿ ಮಾತ್ರ ತಪ್ಪಬಾರದು. ಅಂಕ ಬರೆಯುವವರು 1, 2 ಎಂದು ಬರೆದ ಫಲಕ ತೋರಿಸುತ್ತಿದ್ದರೆ ಚಿಕ್ಕವರಿಗೆ ಗೊಂದಲವಾಗದು. ಸೀಟಿ ಊದಿದ 5 ಸೆಕೆಂಡಿನೊಳಗೆ ಸರ್ವಿಸ್ ಮಾಡಬೇಕು. ಜತೆಗಾರ ಅಡ್ಡ ನಿಂತು ಚೆಂಡು ಕಾಣದಂತೆ ಮಾಡಬಾರದು. ಎದುರಿನವರು ಕೇಳಿದರೆ ಪಕ್ಕಕ್ಕೆ ಸರಿಯಬೇಕು.

ಹೆಚ್ಚಿನ ಜಗಳ ಹುಟ್ಟುವುದು ಮೂರು ನಿಯಮಗಳಿಂದ. ಎದುರಿನ ಹೊಡೆತವನ್ನು ನೆಟ್ ಬಳಿ ಕೈಯೆತ್ತಿ ತಡೆಯುವುದೇ ಬ್ಲಾಕ್. ಒಳಾಂಗಣದಲ್ಲಿ ಅದರ ಸ್ಪರ್ಶ ಲೆಕ್ಕಕ್ಕಿಲ್ಲ, ಮರಳಿನಲ್ಲಿ ಅದೂ ತಂಡಕ್ಕಿರುವ ಮೂರು ಹೊಡೆತಗಳಲ್ಲಿ ಒಂದು. ಆಮೇಲೆ ಎರಡೇ ಹೊಡೆತ ಉಳಿಯುತ್ತದೆ. ಎರಡನೆಯದು, ತೆರೆದ ಅಂಗೈಯ ಬೆರಳತುದಿಯಿಂದ ಚೆಂಡನ್ನು ಮೆಲ್ಲಗೆ ಆಚೆಗೆ ಪ್ಲೇಸ್ ಮಾಡುವಂತಿಲ್ಲ. ಗದ್ದೆಯಲ್ಲಿ ಚಪ್ಪಾಳೆ ಗಿಟ್ಟಿಸುವ ಈ ಜಾಣತನ ಇಲ್ಲಿ ತಪ್ಪು. ಬೆರಳು ಮಡಚಿ ಗೆಣ್ಣಿನಿಂದಲೋ, ಬೆರಳುಗಳನ್ನು ಬಿಗಿಯಾಗಿ ಜೋಡಿಸಿ ತುದಿಯಿಂದಲೋ ಕುಟ್ಟಬೇಕು. ಮೂರನೆಯದು, ಬೆರಳ ಪಾಸಿನಿಂದ (ಎರಡೂ ಕೈಗಳ ಬೆರಳುಗಳಿಂದ ತಲೆಯ ಮೇಲೆ ಎತ್ತುವ ಪಾಸ್) ಚೆಂಡನ್ನು ನೆಟ್ ದಾಟಿಸುವುದಾದರೆ ಅದು ಭುಜಗಳ ಗೆರೆಗೆ ಲಂಬವಾಗಿ, ನೇರ ಮುಂದಕ್ಕೋ ಹಿಂದಕ್ಕೋ ಹೋಗಬೇಕು. ಜತೆಗಾರನಿಗೆಂದು ಎತ್ತಿದ ಚೆಂಡನ್ನು ಗಾಳಿ ಆಚೆ ಒಯ್ದರೆ ತಪ್ಪಲ್ಲ.

ನೆಟ್‌ನ ಅಡಿಯಿಂದ ಕಾಲು ಆಚೆ ಹೋದರೂ ಎದುರಾಳಿಗೆ ಅಡ್ಡಿಯಾಗದಿದ್ದರೆ ತಪ್ಪಿಲ್ಲ. ಆದರೂ ಚಿಕ್ಕವರಿಗೆ ಈ ಸ್ವಾತಂತ್ರ್ಯವನ್ನು ಎಚ್ಚರಿಕೆಯಿಂದ ಹೇಳಿ. ಪಾದ ಉಳುಕುವುದು ಅಲ್ಲೇ.

ಒಂದು ಸೆಟ್‌ಗೆ ಒಂದು ತಂಡಕ್ಕೆ 30 ಸೆಕೆಂಡಿನ ಒಂದೇ ಟೈಮ್ ಔಟ್. ಬರಿಗಾಲಿನ ಆಟ ಇದು. ಕಾಲುಚೀಲಕ್ಕೆ ತೀರ್ಪುಗಾರರ ಒಪ್ಪಿಗೆ ಬೇಕು. ಬಳೆ, ಸರ, ಗಟ್ಟಿ ಕ್ಲಿಪ್ ತೆಗೆದಿಡಿ.

ನಡತೆ

ಪಂದ್ಯದ ಮೊದಲೂ ಕೊನೆಗೂ ಎದುರಾಳಿಗಳ, ತೀರ್ಪುಗಾರರ ಕೈ ಕುಲುಕಬೇಕು. ಗೆದ್ದವರು ಕುಣಿಯುವ ಮುನ್ನ ಮೊದಲು ನೆಟ್ ಬಳಿ ಬರಲಿ. ಎದುರಿನವರ ಸರ್ವಿಸ್ ನೆಟ್‌ಗೆ ಬಡಿದಾಗ ಕೇಕೆ ಹಾಕುವುದು ಬೇಡ. ಬ್ಲಾಕ್‌ನಲ್ಲಿ ಚೆಂಡು ಬೆರಳಿಗೆ ತಾಗಿದ್ದರೆ ಕೈ ಎತ್ತಿ ತಾನೇ ಹೇಳುವ ಅಭ್ಯಾಸ ಮಕ್ಕಳಿಗೆ ಬೇಗ ಹಿಡಿಸುತ್ತದೆ, ಹಾಗೆ ಹೇಳಿದ ಮಗುವನ್ನು ತೀರ್ಪುಗಾರರು ಎಲ್ಲರಿಗೂ ಕೇಳುವಂತೆ ಮೆಚ್ಚಿದರೆ.

ತೀರ್ಪಿನ ಬಗ್ಗೆ ಪ್ರಶ್ನೆಯಿದ್ದರೆ ಚೆಂಡು ನಿಂತ ಮೇಲೆ ನಾಯಕ ಕೇಳಲಿ. ಹಳದಿ ಕಾರ್ಡ್ ಎಚ್ಚರಿಕೆ. ಕೆಂಪು ಕಾರ್ಡ್ ಬಂದರೆ ಎದುರಾಳಿಗೆ ಒಂದು ಅಂಕ, ಸರ್ವಿಸ್ ಕೂಡ. ಎರಡೂ ಕಾರ್ಡ್ ಒಂದೇ ಕೈಯಲ್ಲಿ ಕಂಡರೆ ಆ ಸೆಟ್‌ನಿಂದ ಹೊರಗೆ, ಎರಡು ಕೈಗಳಲ್ಲಿ ಕಂಡರೆ ಪಂದ್ಯದಿಂದಲೇ ಹೊರಗೆ. ಒಬ್ಬ ಹೊರಹೋದರೆ ತಂಡ ಅಪೂರ್ಣ. ಜತೆಗಾರ ಏನೂ ಮಾಡದೆ ಸೋಲುತ್ತಾನೆ. ಕಾರ್ಡಿನ ಬಣ್ಣಗಳನ್ನು ಬಾಯಿಪಾಠ ಮಾಡಿಸುವ ಬದಲು ಈ ಕೊನೆಯ ಮಾತನ್ನು ಮಕ್ಕಳಿಗೆ ನಿಧಾನವಾಗಿ ಬಿಡಿಸಿ ಹೇಳಿ.

ಇನ್ನು ಹೊರಗಿರುವವರು. ಪಂದ್ಯದ ನಡುವೆ ತರಬೇತುದಾರರು ಮಾತನಾಡಬಹುದೇ ಎಂಬುದನ್ನು ಆಯಾ ಪಂದ್ಯಾಟದ ನಿಯಮಾವಳಿ ಹೇಳಬೇಕು. 14ರೊಳಗಿನವರಿಗೆ ಟೈಮ್ ಔಟ್‌ನಲ್ಲಿ ಮಾತ್ರ ಎಂದು ಬರೆಯಿರಿ ಎಂಬುದು ನನ್ನ ಸಲಹೆ. ಒಂದು ಸಂಜೆ ಗೆರೆಯ ಬದಿಯಲ್ಲಿ ನಿಂತ ತಂದೆಯೊಬ್ಬರು ಪ್ರತಿ ಚೆಂಡಿಗೂ "ಹಿಂದೆ ಹೋಗು, ಮುಂದೆ ಬಾ" ಎಂದು ಕೂಗುತ್ತಿದ್ದರು. ಮಗಳು ಒಮ್ಮೆ ಅವರತ್ತ ತಿರುಗಿದಳು. ಚೆಂಡು ಅವಳ ಕಾಲ ಬುಡದಲ್ಲೇ ಬಿತ್ತು. ಅವರು ತಲೆ ಚಚ್ಚಿಕೊಂಡರು. ಅವಳ ಜತೆಗಾತಿ ಮಾತ್ರ ಹತ್ತಿರ ಬಂದು, ಅವಳ ಮೊಣಕೈಯ ಮರಳು ಕೊಡವಿ, ಏನೋ ಪಿಸುಗುಟ್ಟಿದಳು. ಮುಂದಿನ ಚೆಂಡನ್ನು ಇಬ್ಬರೂ ಸೇರಿ ಚೆನ್ನಾಗಿ ಆಡಿದರು. ಅಂದಿನಿಂದ ನಾನು ಪೋಷಕರಿಗೆ ಅಂಕಣದಿಂದ ಹತ್ತು ಹೆಜ್ಜೆ ದೂರದಲ್ಲಿ ಹಗ್ಗ ಕಟ್ಟಿಸುತ್ತೇನೆ. ಚಪ್ಪಾಳೆಗೆ ಅಡ್ಡಿಯಿಲ್ಲ, ಸಲಹೆಗೆ ಇದೆ.

ಸೋತ ತಂಡದವರು ಮುಂದಿನ ಪಂದ್ಯಕ್ಕೆ ಅಂಕ ಬರೆಯಲಿ, ಗೆರೆ ಕಾಯಲಿ. ಗೆರೆಯ ಬಳಿ ಬಾವುಟ ಹಿಡಿದು ನಿಂತವನಿಗೆ ತೀರ್ಪು ಎಷ್ಟು ಕಷ್ಟ ಎಂಬುದು ಒಂದೇ ಪಂದ್ಯದಲ್ಲಿ ಗೊತ್ತಾಗುತ್ತದೆ.

ಎದ್ದು ಹೋಗುವ ಮುನ್ನ

ಬಹುಮಾನ ಹಂಚಿದ ಮೇಲೆ ಪಟ್ಟಿ ಬಿಚ್ಚಿ, ಹೂತ ನಾಲ್ಕೂ ಚೀಲಗಳನ್ನು ಎಣಿಸಿ ತೆಗೆಯಿರಿ. ಕಂಬದ ಗುಂಡಿಗಳನ್ನು ತುಂಬಿ ತುಳಿದು ಗಟ್ಟಿ ಮಾಡಿ. ಬೆಳಗಿನ ಜಾವ ಕತ್ತಲಲ್ಲೇ ದೋಣಿ ನೂಕಲು ಬರುವವರ ಕಾಲು ಅದೇ ಮರಳಿನ ಮೇಲೆ ಬೀಳುತ್ತದೆ.