ಹಾಸಿಗೆ ಹುಣ್ಣು ಬಾರದಂತೆ ಮಗ್ಗುಲು ಬದಲಿಸುವುದು ಹೇಗೆ?

ನಿದ್ದೆಯಲ್ಲೂ ನಾವು ಆಗಾಗ ಹೊರಳುತ್ತಿರುತ್ತೇವೆ. ಪಾರ್ಶ್ವವಾಯು ಬಡಿದವರಿಗೆ, ಸೊಂಟದ ಮೂಳೆ ಮುರಿದವರಿಗೆ ಅದು ಸಾಧ್ಯವಾಗುವುದಿಲ್ಲ. ಆಗ ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕ ಮಾಂಸಕ್ಕೆ ರಕ್ತ ಹರಿಯುವುದು ನಿಂತು, ಕೆಲವೇ ಗಂಟೆಗಳಲ್ಲಿ ಅದು ಸಾಯತೊಡಗುತ್ತದೆ. ಹಲವು ಸಲ ಒಳಗಿನ ಮಾಂಸ ಮೊದಲು ಹಾಳಾಗಿ, ಚರ್ಮ ಆಮೇಲೆ ಒಡೆಯುತ್ತದೆ. ಹಾಗಾಗಿ ಹುಣ್ಣು ಕಂಡ ಮೇಲೆ ನೋಡೋಣ ಎನ್ನುವಂತಿಲ್ಲ.

ಮೊದಲು ದಿನಕ್ಕೆರಡು ಬಾರಿ ಬೆಳಕಿನಲ್ಲಿ ಮೈ ನೋಡಿ: ಬೆನ್ನಿನ ಬುಡ, ಹಿಮ್ಮಡಿ, ಸೊಂಟದ ಪಕ್ಕ, ಪಾದದ ಗೆಣ್ಣು, ಮೊಣಕೈ, ತಲೆಯ ಹಿಂಭಾಗ. ಆಕ್ಸಿಜನ್ ನಳಿಕೆ ಇದ್ದರೆ ಕಿವಿಯ ಹಿಂದೆಯೂ ನೋಡಬೇಕು. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಡಿ. ಒತ್ತಿದಾಗಲೂ ಬಿಳಚದೆ ಕೆಂಪಾಗಿಯೇ ಉಳಿದರೆ ಅದು ಹುಣ್ಣಿನ ಮೊದಲ ಹಂತ. ಕಪ್ಪು ಚರ್ಮದಲ್ಲಿ ಕೆಂಪು ಕಾಣದೇ ಹೋಗಬಹುದು. ಕೈಯಿಟ್ಟು ನೋಡಿ, ಸುತ್ತಲಿಗಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಗಮನಿಸಿ. ಅಂಥ ಜಾಗವನ್ನು ತಿಕ್ಕಬೇಡಿ. ಎಣ್ಣೆ ಹಚ್ಚಿ ನೀವುವುದು ಪ್ರೀತಿಯಿಂದಲೇ ಆದರೂ ನೊಂದ ರಕ್ತನಾಳಗಳಿಗೆ ಅದು ಇನ್ನೊಂದು ಪೆಟ್ಟು.

ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು: ಎಡಕ್ಕೆ, ಅಂಗಾತ, ಬಲಕ್ಕೆ. ಅಷ್ಟರೊಳಗೇ ಚರ್ಮ ಕೆಂಪಾಗುತ್ತಿದ್ದರೆ ಇನ್ನೂ ಬೇಗ. ಸಮಯ ಮತ್ತು ಮಗ್ಗುಲನ್ನು ಬರೆದಿಡಿ. ನೋಡಿಕೊಳ್ಳುವವರ ಸರದಿ ಬದಲಾಗುವಾಗಲೇ ತಪ್ಪಾಗುವುದು ಹೆಚ್ಚು.

ಹೊರಳಿಸಲು ಇಬ್ಬರು ಬೇಕು. ಭುಜದಿಂದ ತೊಡೆಯವರೆಗೆ ಬರುವಂತೆ ಮಡಚಿದ ಬೆಡ್‌ಶೀಟನ್ನು ರೋಗಿಯ ಕೆಳಗೆ ಹಾಸಿ, ಎರಡೂ ಅಂಚುಗಳನ್ನು ಮೈಗೆ ಹತ್ತಿರವಾಗಿ ಹಿಡಿದು, ಒಟ್ಟಿಗೆ ಎತ್ತಿ ಸರಿಸಿ. ಕಂಕುಳಿಗೆ ಕೈಹಾಕಿ ಎಳೆದರೆ ಚರ್ಮ ಹಾಸಿಗೆಗೆ ಅಂಟಿಕೊಂಡು ಮೂಳೆ ಮಾತ್ರ ಮುಂದೆ ಜಾರುತ್ತದೆ, ನಡುವಿನ ರಕ್ತನಾಳಗಳು ಜಗ್ಗಿ ಕಿತ್ತುಹೋಗುತ್ತವೆ. ಆಮೇಲೆ ಪೂರ್ತಿ ಪಕ್ಕಕ್ಕೆ ಮಲಗಿಸದೆ, ಬೆನ್ನಿಗೆ ದಿಂಬು ಕೊಟ್ಟು ಸುಮಾರು 30 ಡಿಗ್ರಿಯಷ್ಟು ಮಾತ್ರ ವಾಲಿಸಿ. 90 ಡಿಗ್ರಿ ವಾಲಿಸಿದರೆ ಇಡೀ ಭಾರ ಸೊಂಟದ ಪಕ್ಕದ ಮೂಳೆಯ ಮೇಲೆ ಬೀಳುತ್ತದೆ. ಮೊಣಕಾಲುಗಳ ನಡುವೆ ಒಂದು ದಿಂಬು. ಅಂಗಾತ ಮಲಗಿದಾಗ ಮೀನಖಂಡದ ಉದ್ದಕ್ಕೂ ದಿಂಬಿಟ್ಟು ಹಿಮ್ಮಡಿ ಗಾಳಿಯಲ್ಲಿ ನಿಲ್ಲುವಂತೆ ಮಾಡಿ. ಹಿಮ್ಮಡಿಯ ಕೆಳಗೇ ದಿಂಬಿಟ್ಟರೆ ಪ್ರಯೋಜನವಿಲ್ಲ.

ತಲೆಯ ಕಡೆಯನ್ನು 30 ಡಿಗ್ರಿಗಿಂತ ಎತ್ತರಿಸಿದರೆ ಮೈ ನಿಧಾನವಾಗಿ ಕೆಳಕ್ಕೆ ಜಾರುತ್ತದೆ, ಬೆನ್ನಿನ ಬುಡ ಉಜ್ಜುತ್ತದೆ. ಊಟದ ವೇಳೆ ಮಾತ್ರ ಎತ್ತರವಾಗಿ ಕೂರಿಸಲೇಬೇಕು, ಇಲ್ಲದಿದ್ದರೆ ಅನ್ನನೀರು ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ. ಉಸಿರಾಟದ ತೊಂದರೆ ಇದ್ದವರಿಗೆ, ಬೆನ್ನುಮೂಳೆ ಅಥವಾ ಸೊಂಟಕ್ಕೆ ಪೆಟ್ಟಾದವರಿಗೆ ವೈದ್ಯರು ಹೇಳಿದ ಭಂಗಿಯೇ ಸರಿ.

ಗಾಳಿ ಹಾಸಿಗೆ ಒತ್ತಡವನ್ನು ಹಂಚುತ್ತದೆ, ಆದರೆ ಮಗ್ಗುಲು ಬದಲಿಸುವುದನ್ನು ತಪ್ಪಿಸುವುದಿಲ್ಲ. ನಡುವೆ ತೂತಿರುವ ಉಂಗುರದ ದಿಂಬು ಬೇಡವೇ ಬೇಡ: ಅದರ ಅಂಚು ಸುತ್ತಲೂ ಒತ್ತಿ, ನಡುವಿನ ಭಾಗಕ್ಕೆ ರಕ್ತವೇ ತಲುಪದಂತೆ ಮಾಡುತ್ತದೆ.

ಮಲಮೂತ್ರವಾದ ಕೂಡಲೇ ಉಗುರುಬೆಚ್ಚಗಿನ ನೀರಿನಲ್ಲಿ ಒರೆಸಿ, ಉಜ್ಜದೆ ಬಟ್ಟೆಯಿಂದ ಒತ್ತಿ ಒಣಗಿಸಿ, ಝಿಂಕ್ ಆಕ್ಸೈಡ್ ಮುಲಾಮನ್ನು ತೆಳುವಾಗಿ ಹಚ್ಚಿ. ಹಾಸಿನ ಸುಕ್ಕನ್ನೂ ಬಿಡಿಸಿ. ಆಹಾರದಲ್ಲಿ ಪ್ರೋಟೀನ್ ಕಡಿಮೆಯಾದರೆ ಚರ್ಮ ದುರಸ್ತಿಯಾಗುವುದಿಲ್ಲ. ಮೂತ್ರಪಿಂಡದ ಕಾಯಿಲೆ ಇದ್ದವರಿಗೆ ಎಷ್ಟು ಕೊಡಬೇಕೆಂದು ವೈದ್ಯರನ್ನೇ ಕೇಳಿ.

ಬೊಬ್ಬೆ, ಕಪ್ಪು ಅಥವಾ ನೇರಳೆ ಕಲೆ, ಕೀವು, ದುರ್ವಾಸನೆ, ಜ್ವರ ಕಂಡರೆ ಆ ದಿನವೇ ವೈದ್ಯರಿಗೆ ತೋರಿಸಿ. ಅಲ್ಲಿಯವರೆಗೆ ಆ ಜಾಗದ ಮೇಲೆ ಒಂದಿಷ್ಟೂ ಭಾರ ಬೀಳಬಾರದು.