ಕಾವೇರಿ ಮನೆಗೆ ಮರಳಿದ ಮೇಲೆ: ‘ಶರಪಂಜರ’ವನ್ನು ಬಳಗದಲ್ಲಿ ಓದಿದ ನನ್ನ ಅನುಭವ

ತ್ರಿವೇಣಿಯವರ ‘ಶರಪಂಜರ’ ಕಾದಂಬರಿಯನ್ನು ಓದೋಣ ಎಂದೊಡನೆ ನಮ್ಮ ಓದುಗರ ಬಳಗದಲ್ಲಿ ಅರ್ಧಕ್ಕರ್ಧ ಜನ ಅದನ್ನಾಧರಿಸಿದ ಪುಟ್ಟಣ್ಣ ಕಣಗಾಲರ ಸಿನಿಮಾದ ಮಾತೆತ್ತಿದರು. 1970ರ ದಶಕದ ಆರಂಭದಲ್ಲಿ ಬಂದ ಆ ಚಿತ್ರ ಇಂದಿಗೂ ಐವತ್ತು ದಾಟಿದವರ ಕಣ್ಣಿಗೆ ಕಟ್ಟಿದಂತಿದೆ. ಕಲ್ಪನಾ ಅವರ ಮುಖ, ವನವಾಸದಿಂದ ಮರಳಿದ ಸೀತೆಯ ಹಾಡು, ನಾಯಕಿಯ ಗಂಡ ಸತೀಶನಾಗಿ ಗಂಗಾಧರ್. ನನಗೂ ಆ ಚಿತ್ರದ ಮೇಲೆ ಗೌರವವಿದೆ. ಆದರೆ ಪುಸ್ತಕ ಮುಗಿಸದೆ ಸಿನಿಮಾದ ನೆನಪಿನಲ್ಲೇ ಮಾತನಾಡಿದರೆ ಚರ್ಚೆ ನಟನೆಯ ಹೊಗಳಿಕೆಯಲ್ಲೇ ಕರಗಿಹೋಗುತ್ತದೆ. ಹಾಗಾಗಿ ಚಹಾ ಬರುವವರೆಗೆ ಸಿನಿಮಾದ ಮಾತು ಬೇಡ, ಆಮೇಲೆ ಎಷ್ಟು ಬೇಕಾದರೂ ಆಡಬಹುದು ಎಂದು ಮೊದಲೇ ಹೇಳಿಬಿಟ್ಟೆ. ಎಲ್ಲರೂ ಒಪ್ಪಿದರು.

ನಮ್ಮದು ಮೈಸೂರಿನ ಒಂದು ಸಣ್ಣ ಬಳಗ. ತಿಂಗಳಿಗೊಂದು ಭಾನುವಾರ ಸಂಜೆ ಸೇರುತ್ತೇವೆ. ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು, ಇಬ್ಬರು ಶಿಕ್ಷಕಿಯರು, ಕೆಲವರು ಗೃಹಿಣಿಯರು, ಕಂಪ್ಯೂಟರ್ ಕಂಪನಿಯಲ್ಲಿ ದುಡಿಯುವ ಒಬ್ಬ ಹುಡುಗ, ಮನೋರೋಗದ ವಾರ್ಡಿನಲ್ಲಿ ಬಹಳ ಕಾಲ ಕೆಲಸ ಮಾಡಿದ ನರ್ಸ್ ಒಬ್ಬರು. ಇಂಥ ಕಾದಂಬರಿಗಳ ಚರ್ಚೆಯನ್ನು ನಡೆಸುವುದು ನನ್ನ ಪಾಲಿಗೆ ಬಂದಿದೆ. ಬೇರೆ ಬಳಗಗಳಲ್ಲಿ ಇದನ್ನು ಮಾಡುವವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಪುಸ್ತಕವನ್ನು ಘೋಷಿಸುವಾಗಲೇ ನಾನು ವಾಟ್ಸಾಪ್‌ನಲ್ಲಿ ಕಥೆಯ ಸ್ವರೂಪವನ್ನು ಬಿಚ್ಚಿ ಬರೆದೆ. ಹೆರಿಗೆಯ ನಂತರ ಕಾವೇರಿ ಎಂಬ ಹೆಣ್ಣುಮಗಳ ಮನಸ್ಸಿನ ಸ್ವಾಸ್ಥ್ಯ ಕೆಡುತ್ತದೆ, ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ, ಮನೆಯವರು ಅವಳನ್ನು ನಂಬುವುದಿಲ್ಲ, ಗಂಡ ಸತೀಶ ಬೇರೊಬ್ಬಳತ್ತ ವಾಲಿದ್ದಾನೆ, ಕೊನೆಗೆ ಅವಳು ಮತ್ತೆ ಕುಸಿಯುತ್ತಾಳೆ. ಓದಲು ಕಷ್ಟವೆನಿಸಿದವರು ಈ ತಿಂಗಳು ಬರದಿದ್ದರೆ ಯಾರೂ ಕಾರಣ ಕೇಳುವುದಿಲ್ಲ ಎಂದೂ ಸೇರಿಸಿದೆ. ಅಂತ್ಯವನ್ನೇ ಹೇಳಿಬಿಟ್ಟರೆ ಓದಿನ ಸ್ವಾರಸ್ಯ ಏನುಳಿಯಿತು ಎಂದು ಬ್ಯಾಂಕಿನ ಹಿರಿಯರು ಆಕ್ಷೇಪಿಸಿದರು. ಇಂಥ ಕಾದಂಬರಿಯ ಶಕ್ತಿ ಮುಂದೇನಾಗುತ್ತದೆ ಎಂಬ ಕುತೂಹಲದಲ್ಲಿಲ್ಲ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಮನೆಯಲ್ಲಿ ಇಂಥದ್ದೇ ಕಷ್ಟ ಕಂಡವರು ಬಳಗದಲ್ಲಿ ಇದ್ದೇ ಇರುತ್ತಾರೆ. ಅವರು ಹೇಳಿಕೊಂಡಿರುವುದಿಲ್ಲ, ಅಷ್ಟೆ. ಎಲ್ಲಿಗೆ ಕಾಲಿಡುತ್ತಿದ್ದೇವೆ ಎಂಬುದು ಅವರಿಗೆ ಮೊದಲೇ ತಿಳಿದಿರಬೇಕು.

ಎರಡು ಕಟ್ಟುಪಾಡುಗಳನ್ನೂ ಹಾಕಿದೆ. ಪಾತ್ರಗಳಿಗೆ ನಮಗೆ ತೋಚಿದ ರೋಗದ ಹೆಸರು ಹಚ್ಚುವಂತಿಲ್ಲ. ಯಾರಾದರೂ ಸ್ವಂತ ಮನೆಯ ಸಂಗತಿ ಹೇಳಿದರೆ ಅವರಿಗೆ ಸಲಹೆ ಕೊಡುವಂತಿಲ್ಲ. ಎರಡನೆಯದನ್ನು ಪಾಲಿಸುವುದು ನಮ್ಮ ಜನಕ್ಕೆ ಬಹಳ ಕಷ್ಟ. ಒಳ್ಳೆಯ ಮನಸ್ಸಿನಿಂದಲೇ ದೇವಸ್ಥಾನ, ಡಾಕ್ಟರು, ಪಥ್ಯ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ.

ಆ ಸಂಜೆ ‘ಕಾದಂಬರಿ ಹೇಗನಿಸಿತು’ ಎಂದು ನಾನು ಕೇಳಲಿಲ್ಲ. ಹಾಗೆ ಕೇಳಿದರೆ ಸಭೆ ಕೂಡಲೇ ನ್ಯಾಯಾಲಯವಾಗುತ್ತದೆ, ಸತೀಶ ಕಟಕಟೆಯಲ್ಲಿ ನಿಲ್ಲುತ್ತಾನೆ. ಅದರ ಬದಲು ಕಾವೇರಿ ಆಸ್ಪತ್ರೆಯಿಂದ ಮನೆಗೆ ಮರಳಿದ ಮೇಲಿನ ಭಾಗದಿಂದ ಒಂದೊಂದೇ ಪುಟವನ್ನು ಒಬ್ಬೊಬ್ಬರೂ ಗಟ್ಟಿಯಾಗಿ ಓದುವಂತೆ ಮಾಡಿದೆ. ಪ್ರತಿ ಓದಿನ ನಂತರ ಒಂದೇ ಪ್ರಶ್ನೆ: ಈ ಪುಟದಲ್ಲಿ ಕಾವೇರಿ ಮಾಡಿದ್ದರಲ್ಲಿ ನಾವು ನೀವು ಮಾಡದಂಥದ್ದು ಏನಿದೆ?

ಮೊದಮೊದಲು ಉತ್ತರಗಳು ಸರಾಗವಾಗಿ ಬಂದವು. ಬರಬರುತ್ತಾ ನಿಧಾನವಾದವು. ಅವಳು ಸಿಟ್ಟಾಗುತ್ತಾಳೆ; ಯಾರು ಆಗುವುದಿಲ್ಲ? ಗಂಡ ತನ್ನಿಂದ ದೂರ ಸರಿಯುತ್ತಿದ್ದಾನೆ ಎಂದು ಅನುಮಾನಿಸುತ್ತಾಳೆ; ಆ ಅನುಮಾನ ನಿಜವೂ ಹೌದು. ಬೇರೆ ಯಾವ ಮನೆಯಲ್ಲಾದರೂ ಹೆಂಡತಿಯ ಸಿಟ್ಟು ಬರೀ ಸಿಟ್ಟಾಗಿರುತ್ತಿತ್ತು. ಕಾವೇರಿಯ ಸಿಟ್ಟು ಮಾತ್ರ ಸುತ್ತಲಿನವರಿಗೆ ಕಾಯಿಲೆಯ ಸೂಚನೆಯಾಗಿ ಕಾಣುತ್ತದೆ. ಅವಳು ಸತ್ಯ ಹೇಳಿದಷ್ಟೂ ಅದನ್ನು ಸುಳ್ಳೆನ್ನುವುದು ಗಂಡನಿಗೆ ಸುಲಭವಾಗುತ್ತದೆ. ಶಿಕ್ಷಕಿಯರಲ್ಲಿ ಒಬ್ಬರು ಇದನ್ನು ಗುರುತಿಸಿದಾಗ ನಾನು ಬಯಸಿದ ಜಾಗಕ್ಕೆ ಚರ್ಚೆ ಬಂದು ನಿಂತಿತು. ಈ ಕಾದಂಬರಿಯಲ್ಲಿ ನನ್ನ ಎದೆ ಒಡೆಯುವುದು ಕಾವೇರಿ ಕಾಯಿಲೆ ಬಿದ್ದಾಗ ಅಲ್ಲ, ಗುಣವಾದ ಮೇಲೆ.

ಸತೀಶನ ಬಗ್ಗೆ ಹೆಂಗಸರೆಲ್ಲ ಕೆಂಡವಾಗಿದ್ದರು. ಹುಡುಗ ಮಾತ್ರ ಬಹಳ ಹೊತ್ತು ಸುಮ್ಮನಿದ್ದು, “ಸತೀಶನ ಭಯ ನನಗೆ ಅರ್ಥವಾಗುತ್ತದೆ ಅಕ್ಕ. ಅವನ ಮೋಸ ಅರ್ಥವಾಗುವುದಿಲ್ಲ” ಎಂದ. ಅವನ ಮೇಲೆ ಎರಗಲು ಸಿದ್ಧರಾಗಿದ್ದವರೂ ಈ ಮಾತಿಗೆ ತಡೆದರು. ಭಯಪಡುವುದಕ್ಕೂ ಕೈಬಿಡುವುದಕ್ಕೂ ನಡುವೆ ಇರುವ ಅಂತರವನ್ನು ಅಷ್ಟು ಚೊಕ್ಕವಾಗಿ ನಾನು ಹೇಳಲಾರೆ.

ನರ್ಸ್ ಅಕ್ಕ ಮಾತನಾಡಿದ್ದು ಇದಾದ ಮೇಲೆ. ಬಾಣಂತಿಯರಿಗೆ ಬರುವ ಈ ತೀವ್ರ ಮನೋರೋಗ ಸಾವಿರ ಹೆರಿಗೆಗಳಲ್ಲಿ ಒಂದೋ ಎರಡೋ ಕಡೆ ಕಾಣಿಸಿಕೊಳ್ಳುತ್ತದೆ, ಹೆಚ್ಚಾಗಿ ಮೊದಲ ಎರಡು ವಾರಗಳೊಳಗೆ. ಎಷ್ಟೋ ಬಾರಿ ಮೊದಲು ಕೆಡುವುದು ನಿದ್ದೆ. ಮಗು ಮಲಗಿದ್ದರೂ ತಾಯಿಗೆ ಕಣ್ಣು ಹತ್ತುವುದಿಲ್ಲ. ತಡಮಾಡದೆ ಚಿಕಿತ್ಸೆ ಕೊಟ್ಟರೆ ಬಹುತೇಕರು ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ. ಮನೋರೋಗದ ಹೊಸ ಔಷಧಗಳು 1950ರ ದಶಕದಲ್ಲಷ್ಟೇ ಬಳಕೆಗೆ ಬಂದವು. ಕಾವೇರಿಯ ಕಾಲದ ವಾರ್ಡು ಇಂದಿನಂತಿರಲಿಲ್ಲ. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಅಗಲಿಸದೆ ಒಟ್ಟಿಗೇ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಿಭಾಗವೇ ಇದೆ. ಇಷ್ಟು ಹೇಳಿ ಅವರು ಸೇರಿಸಿದ್ದು: “ಬಿಡುಗಡೆಯ ದಿನ ಮನೆಯವರು ಕೇಳುವುದು ಒಂದೇ ಮಾತು. ಇನ್ನು ಬರುವುದಿಲ್ಲ ಎಂದು ಗ್ಯಾರಂಟಿ ಕೊಡಿ. ಸಕ್ಕರೆ ಕಾಯಿಲೆಯವರ ಮನೆಯವರು ಯಾವತ್ತೂ ಹಾಗೆ ಕೇಳಿದ್ದಿಲ್ಲ.”

ಅವರಿಗೆ ಕಾದಂಬರಿಯ ಅಂತ್ಯದ ಮೇಲೆ ತಕರಾರಿತ್ತು. ಕಾವೇರಿ ಮತ್ತೆ ಕುಸಿಯುವುದನ್ನು ಓದಿದವರು, ನೋಡಿ, ಇದು ವಾಸಿಯಾಗುವಂಥದ್ದಲ್ಲ ಎಂದುಕೊಳ್ಳುವುದಿಲ್ಲವೇ ಎಂದು ಕೇಳಿದರು. ವರ್ಷಗಟ್ಟಲೆ ರೋಗಿಗಳನ್ನು ಮನೆಗೆ ಕಳಿಸಿಕೊಟ್ಟವರ ಮಾತು ಅದು, ತಳ್ಳಿಹಾಕುವಂತಿಲ್ಲ. ನನಗೆ ಮಾತ್ರ ಹಾಗನಿಸುವುದಿಲ್ಲ. ಕಾವೇರಿಯನ್ನು ಕೆಡವುವುದು ಅವಳ ರೋಗವಲ್ಲ, ಅವಳ ಮನೆ ಎಂಬುದನ್ನು ತ್ರಿವೇಣಿ ಅಷ್ಟು ಸ್ಪಷ್ಟವಾಗಿ ಕಟ್ಟಿದ್ದಾರೆ. ನಾವಿಬ್ಬರೂ ನಮ್ಮ ನಮ್ಮ ಅಭಿಪ್ರಾಯದಲ್ಲೇ ಉಳಿದೆವು.

ಮುಂದಿನದನ್ನು, ಅದನ್ನು ಹೇಳಿದವರ ಒಪ್ಪಿಗೆ ಪಡೆದು, ಗುರುತು ತಿಳಿಯದಂತೆ ಬದಲಿಸಿ ಬರೆಯುತ್ತಿದ್ದೇನೆ. ಅಲ್ಲಿಯವರೆಗೆ ಒಂದು ಮಾತೂ ಆಡದಿದ್ದ ಗೃಹಿಣಿಯೊಬ್ಬರು, ತಮ್ಮ ಸರದಿಯ ಪುಟ ಓದಿ ಪುಸ್ತಕವನ್ನು ಮಡಿಲಿನಲ್ಲಿಟ್ಟುಕೊಂಡರು. “ನಮ್ಮ ನಾದಿನಿಗೂ ಹೀಗೇ ಆಗಿತ್ತು. ಗುಣವಾಗಿ ಎಷ್ಟೋ ವರ್ಷವಾಯಿತು, ಮಾತ್ರೆ ತಪ್ಪಿಸುವುದಿಲ್ಲ, ಚೆನ್ನಾಗಿದ್ದಾರೆ. ಆದರೆ ಇವತ್ತಿಗೂ ಅವರ ಕೈಗೆ ನಾನು ಗ್ಯಾಸ್ ಹಚ್ಚಲು ಬಿಡುವುದಿಲ್ಲ. ಕಾಫಿ ಮಾಡಿಕೊಳ್ಳುತ್ತೇನೆ ಎಂದು ಎದ್ದರೆ, ನೀವು ಕೂತುಕೊಳ್ಳಿ ಎಂದು ನಾನೇ ಮಾಡಿಕೊಡುತ್ತೇನೆ. ಅದನ್ನು ಉಪಚಾರ ಅಂದುಕೊಂಡಿದ್ದೆ.”

ಪಕ್ಕದವರು ಅವರ ಕೈ ಹಿಡಿದುಕೊಂಡರು. ‘ನಿಮ್ಮ ತಪ್ಪಲ್ಲ ಬಿಡಿ’ ಎಂಬ ಸಾಂತ್ವನ ಹಲವರ ತುಟಿಯವರೆಗೂ ಬಂದಿತ್ತು. ನಾನು ಹುಡುಗನ ಕಡೆ ನೋಡಿ, ಮುಂದಿನ ಪುಟ ಓದಪ್ಪ ಎಂದೆ. ಇದು ಕಠಿಣವೆನಿಸಬಹುದು. ಆದರೆ ಒಬ್ಬರು ಅಂಥ ಮಾತನ್ನು ಹೊರಗಿಟ್ಟ ಕೂಡಲೇ ಸಮಾಧಾನ ಹೇಳಿದರೆ ಆ ಮಾತನ್ನು ಮುಚ್ಚಿಟ್ಟಂತಾಗುತ್ತದೆ. ಕಥೆ ಮುಂದುವರಿದರೆ ಅದು ಕಾವೇರಿಯ ಮಾತಿನ ಪಕ್ಕದಲ್ಲಿ ತನ್ನ ತೂಕದೊಂದಿಗೆ ಉಳಿಯುತ್ತದೆ. ಆಮೇಲೆ ಚಹಾ ಹೊತ್ತಿನಲ್ಲಿ ಅವರೇ ನರ್ಸ್ ಅಕ್ಕನ ಹತ್ತಿರ ಹೋಗಿ ಕೂತು ಬಹಳ ಹೊತ್ತು ಮಾತನಾಡಿದರು. ಏನು ಮಾತನಾಡಿದರೆಂದು ನಾನು ಕೇಳಲಿಲ್ಲ.

ಲೇಖಕಿಯ ಬದುಕಿನ ವಿಷಯವನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೆ. ತ್ರಿವೇಣಿ ನಮ್ಮ ಮೈಸೂರಿನವರು, ಅನಸೂಯಾ ಶಂಕರ್ ಎಂಬುದು ಅವರ ಹೆಸರು, ಹುಟ್ಟಿದ್ದು 1928ರಲ್ಲಿ. ಮನಃಶಾಸ್ತ್ರ ಓದಿದವರು. 1963ರಲ್ಲಿ ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಇದನ್ನು ಆರಂಭದಲ್ಲೇ ಹೇಳಿದರೆ ಎಲ್ಲರೂ ಕಾವೇರಿಯಲ್ಲಿ ತ್ರಿವೇಣಿಯವರನ್ನು ಹುಡುಕತೊಡಗುತ್ತಾರೆ, ಕಾದಂಬರಿ ಹಿಂದೆ ಸರಿಯುತ್ತದೆ. ಎಲ್ಲ ಚರ್ಚೆ ಮುಗಿದ ಮೇಲೆ ಕೇಳಿದಾಗ, ಮೂವತ್ತೈದು ತುಂಬುವ ಮೊದಲೇ ಇಷ್ಟನ್ನು ಬರೆದ ಹೆಣ್ಣುಮಗಳ ಬಗ್ಗೆ ಬರೀ ಗೌರವ ಹುಟ್ಟಿತು.

ಹೊರಡುವಾಗ ಚಪ್ಪಲಿ ಬಿಡುವ ಜಾಗದ ಮೇಲಿನ ಗೋಡೆಗೆ ಒಂದು ಚೀಟಿ ಅಂಟಿಸಿದ್ದೆ: ಟೆಲಿ ಮಾನಸ್ (ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ), 14416, ಕನ್ನಡದಲ್ಲೂ ಮಾತನಾಡಬಹುದು, ಶುಲ್ಕವಿಲ್ಲ. ಎಲ್ಲರ ಎದುರು ಘೋಷಿಸಿದರೆ ಬರೆದುಕೊಳ್ಳಲು ಸಂಕೋಚಪಡುತ್ತಾರೆ. ಚಪ್ಪಲಿ ಮೆಟ್ಟಿಕೊಳ್ಳುವಾಗಲಾದರೆ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡಿದ್ದನ್ನು ಯಾರೂ ಗಮನಿಸುವುದಿಲ್ಲ.

ಮುಂದಿನ ತಿಂಗಳಿಗೆ ತ್ರಿವೇಣಿಯವರ ‘ಬೆಕ್ಕಿನ ಕಣ್ಣು’ ಓದೋಣ ಎಂದು ಇಬ್ಬರು ಕೇಳಿದರು. ಅದೂ ಮನಸ್ಸು ನಲುಗುವ ಕಥೆಯೇ. ಬೇಡ ಎಂದೆ. ಒಂದರ ಬೆನ್ನಿಗೆ ಒಂದು ಇಂಥದ್ದೇ ಓದಿದರೆ ದುಃಖ ರೂಢಿಯಾಗಿಬಿಡುತ್ತದೆ, ಅದು ಆಗಬಾರದು. ‘ಹಣ್ಣೆಲೆ ಚಿಗುರಿದಾಗ’ ಆರಿಸಿದೆವು. ‘ಬೆಕ್ಕಿನ ಕಣ್ಣು’ ಬೇಸಗೆ ರಜೆ ಕಳೆದ ಮೇಲೆ.