ಮೆಟ್ಟಿಲ ಕೆಳಗಿನ ಸರ್ವರ್, ಚಿಕ್ಕಪ್ಪನ ಅಂಗಡಿಯ ಬಿಡಿಭಾಗ

ಹನುಮಂತನಗರದ ನಮ್ಮ ಮನೆಯಲ್ಲಿ ಮೆಟ್ಟಿಲ ಕೆಳಗೆ ಒಂದು ಕಪ್ಪು ಕ್ಯಾಬಿನೆಟ್ ಇದೆ. 2012ರಲ್ಲಿ ಓದಿಗೆ ಅಂತ ಕೊಂಡ ಕಂಪ್ಯೂಟರ್ ಅದು. ಈಗ ಆರು ವರ್ಷದಿಂದ ಮಾನಿಟರ್, ಕೀಬೋರ್ಡ್ ಏನೂ ಇಲ್ಲದೆ ಹಗಲು ರಾತ್ರಿ ಸರ್ವರ್ ಆಗಿ, ಅಂದರೆ ಮನೆಯವರ ಫೈಲ್‌ಗಳನ್ನೆಲ್ಲ ಇಟ್ಟುಕೊಂಡು ಬೇಕಾದಾಗ ಕೊಡುವ ಯಂತ್ರವಾಗಿ, ದುಡಿಯುತ್ತಿದೆ. ಅಪ್ಪ ಸ್ಕ್ಯಾನ್ ಮಾಡಿಸಿದ ಹಳೆಯ ಫೋಟೊಗಳು, ಮಕ್ಕಳ ವಿಡಿಯೊ, ಅಜ್ಜಿ ಹೇಳಿದ ಹಸೆಹಾಡುಗಳ ರೆಕಾರ್ಡಿಂಗ್ ಎಲ್ಲ ಅದರಲ್ಲೇ ಇವೆ. ಅಜ್ಜಿ ಈಗಿಲ್ಲ. ಹಾಗಾಗಿ ಆ ಪೆಟ್ಟಿಗೆಗೆ ಸ್ಕ್ರೂಡ್ರೈವರ್ ಹಾಕುವಾಗಲೆಲ್ಲ ನನಗೆ ಎದೆ ಹೊಡೆದುಕೊಳ್ಳುತ್ತದೆ.

ಅದರೊಳಗೆ ಇದ್ದದ್ದು ಎಚ್61 ಮದರ್‌ಬೋರ್ಡ್, ಐ3-2100 ಪ್ರೊಸೆಸರ್, 4 ಜಿಬಿ ರ‍್ಯಾಮ್, 2 ಟಿಬಿ ಹಾರ್ಡ್ ಡಿಸ್ಕ್. ಫೈಲ್ ಇಟ್ಟುಕೊಳ್ಳೋಕೆ ಅಷ್ಟು ಸಾಕಿತ್ತು. ಫೋಟೊಗಳನ್ನು ಮುಖ ಗುರುತಿಸಿ ಜೋಡಿಸುವ ಇಮ್ಮಿಚ್ ಅನ್ನುವ ತಂತ್ರಾಂಶ ಹಾಕಿದ ಮೇಲೆ ತೊಂದರೆ ಶುರುವಾಯಿತು. 4 ಜಿಬಿ ತುಂಬಿಹೋಗಿ, ಮಿಕ್ಕಿದ್ದೆಲ್ಲ ಹಾರ್ಡ್ ಡಿಸ್ಕಿನ ಸ್ವಾಪ್‌ಗೆ, ಅಂದರೆ ರ‍್ಯಾಮ್ ಸಾಲದಾಗ ಬಳಸುವ ಜಾಗಕ್ಕೆ, ಹೋಗುತ್ತಿತ್ತು. ಡಿಸ್ಕ್ ಇಡೀ ರಾತ್ರಿ ಕರಕರ ಅನ್ನುತ್ತಿತ್ತು.

ಅದೇ ಹೊತ್ತಿಗೆ ಚಿಕ್ಕಪ್ಪ ತಮ್ಮ ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರ್ ಬದಲಾಯಿಸಿದರು. "ಗುಜರಿಗೆ ಹಾಕೋ ಮುಂಚೆ ನೀನು ಒಂದ್ಸಲ ನೋಡ್ಬಿಡಪ್ಪ" ಅಂತ ಫೋನ್ ಮಾಡಿದರು. ತೆರೆದು ನೋಡಿದರೆ ಒಳಗೆ ಐ5-3470, 4 ಜಿಬಿಯ ಎರಡು ಡಿಡಿಆರ್3 ರ‍್ಯಾಮ್. ಎರಡೂ ಪ್ರೊಸೆಸರ್‌ಗಳದ್ದು ಒಂದೇ 1155 ಸಾಕೆಟ್, ಅಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ. ನನ್ನ ಹಳೆಯ ಲ್ಯಾಪ್‌ಟಾಪಿನ 120 ಜಿಬಿ ಎಸ್‌ಎಸ್‌ಡಿ ಹೇಗೂ ಡ್ರಾಯರ್‌ನಲ್ಲಿ ಬಿದ್ದಿತ್ತು.

ಸಾಕೆಟ್ ಒಂದೇ ಅಂತ ನೇರವಾಗಿ ಹಾಕುವ ಹಾಗಿಲ್ಲ. ಐ3-2100 ಎರಡನೇ ತಲೆಮಾರಿನದು, ಐ5-3470 ಮೂರನೆಯದು. ಹಳೆಯ ಎಚ್61 ಬೋರ್ಡಿನ ಬಯೋಸ್‌ಗೆ, ಅಂದರೆ ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ತಂತ್ರಾಂಶಕ್ಕೆ, ಮೂರನೇ ತಲೆಮಾರಿನ ಗುರುತು ಇರುವುದಿಲ್ಲ. ಹಳೆಯ ಪ್ರೊಸೆಸರ್ ಇದ್ದಾಗಲೇ ಬಯೋಸ್ ಅಪ್‌ಡೇಟ್ ಮಾಡಿ, ಆಮೇಲೆ ಬದಲಾಯಿಸಬೇಕು. ಅಪ್‌ಡೇಟ್ ಆಗುವಾಗ ಕರೆಂಟ್ ಹೋದರೆ ಬೋರ್ಡ್ ಕಥೆ ಮುಗಿದಂತೆ. ನಮ್ಮ ಕಡೆ ಸಂಜೆ ನಾಲ್ಕು ಹನಿ ಮಳೆ ಬಿದ್ದರೂ ಕರೆಂಟ್ ಹೋಗುತ್ತದೆ, ಅಲ್ವಾ? ಅದಕ್ಕೇ ಬೆಳಗ್ಗೆ ಐದೂವರೆಗೆ ಎದ್ದು, ಯುಪಿಎಸ್‌ಗೆ ಸಿಕ್ಕಿಸಿ, ಆ ಕೆಲಸ ಮುಗಿಸಿದೆ. ಮೂರೇ ನಿಮಿಷ ಹಿಡಿಯಿತು. ಆ ಮೂರು ನಿಮಿಷ ಪರದೆಯಿಂದ ಕಣ್ಣು ತೆಗೆಯಲಿಲ್ಲ.

ಪ್ರೊಸೆಸರ್‌ನ ಬಿಸಿ ಹೀರುವ ಹೀಟ್‌ಸಿಂಕ್ ಬಿಚ್ಚಿದಾಗ, ಎರಡರ ನಡುವೆ ಹಚ್ಚಿದ್ದ ಹಳೆಯ ಥರ್ಮಲ್ ಪೇಸ್ಟ್ ಒಣಗಿದ ಸುಣ್ಣದ ಹಾಗೆ ಉದುರಿತು. ಫ್ಯಾನಿನ ಕೆಳಗೆ ಧೂಳು ಕಂಬಳಿಯಂತೆ ಕೂತಿತ್ತು. ಬ್ರಷ್‌ನಿಂದ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿದೆ. ಈ ಸಾಕೆಟ್‌ನಲ್ಲಿ ಪಿನ್‌ಗಳು ಇರುವುದು ಬೋರ್ಡಿನಲ್ಲಿ, ಪ್ರೊಸೆಸರ್‌ನಲ್ಲಲ್ಲ. ಕೂದಲಿನಷ್ಟು ಸಣ್ಣ ಪಿನ್. ಒಂದು ಬಗ್ಗಿದರೂ ಬೋರ್ಡ್ ಹಾಳು. ಪ್ರೊಸೆಸರ್‌ನ ಮೂಲೆಯ ಬಂಗಾರದ ತ್ರಿಕೋನವನ್ನು ಸಾಕೆಟ್ಟಿನ ಗುರುತಿಗೆ ಹೊಂದಿಸಿ, ಮೇಲಿನಿಂದ ಸುಮ್ನೆ ಇಟ್ಟುಬಿಡಬೇಕು. ಒತ್ತಬಾರದು. ಪೇಸ್ಟ್ ಒಂದು ಬಟಾಣಿಯಷ್ಟು ಸಾಕು.

ರ‍್ಯಾಮ್ ವಿಷಯದಲ್ಲಿ ಮಾತ್ರ ಯಾರೂ ಅವಸರ ಮಾಡಬೇಡಿ. ಎರಡೂ ಹಾಕಿದೆ, ಕಂಪ್ಯೂಟರ್ ಚೆನ್ನಾಗಿ ಆನ್ ಆಯಿತು, 8 ಜಿಬಿ ತೋರಿಸಿತು. ಆದರೂ ರಾತ್ರಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಲು ಬಿಟ್ಟು ಮಲಗಿದೆ. ಬೆಳಗ್ಗೆ ನೋಡಿದರೆ ಪರದೆ ತುಂಬ ತಪ್ಪು ತೋರಿಸುವ ಕೆಂಪು ಸಾಲು. ಬಂಗಾರದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಹಾಕಿದೆ. ಒಂದೊಂದನ್ನೇ ಹಾಕಿ ನೋಡಿದಾಗ ಒಂದರಲ್ಲಿ ಕೆಂಪು ಹಾಗೇ ಉಳಿಯಿತು. ಬಿಲ್ ಹೊಡೆಯುವ ಕಂಪ್ಯೂಟರ್‌ನಲ್ಲಿ ಇದು ಗೊತ್ತೇ ಆಗಿರಲಿಕ್ಕಿಲ್ಲ. ಸರ್ವರ್‌ನಲ್ಲಿ ಹಾಗಲ್ಲ. ಪ್ರತಿಯೊಂದು ಫೈಲೂ ರ‍್ಯಾಮ್ ಮೂಲಕವೇ ಡಿಸ್ಕಿಗೆ ಹೋಗುತ್ತದೆ. ಕೆಟ್ಟ ರ‍್ಯಾಮ್ ಇದ್ದರೆ ಫೋಟೊ ಹಾಳಾಗಿಯೇ ಸೇವ್ ಆಗಬಹುದು, ಬ್ಯಾಕಪ್‌ಗೂ ಹಾಳಾದದ್ದೇ ಹೋಗಬಹುದು. ಶನಿವಾರ ಕೆ.ಆರ್. ಮಾರ್ಕೆಟ್ ಮೆಟ್ರೊದಲ್ಲಿ ಇಳಿದು ಎಸ್‌.ಪಿ. ರೋಡಿಗೆ ನಡೆದೆ. ಓಣಿಯೊಳಗಿನ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ 4 ಜಿಬಿ ಡಿಡಿಆರ್3 ಒಂದನ್ನು 450 ರೂಪಾಯಿಗೆ ತಂದೆ. "ಟೆಸ್ಟ್ ಮಾಡಿ ನೋಡಿ ಸಾರ್, ಬರ್ಲಿಲ್ಲ ಅಂದ್ರೆ ಒಂದು ವಾರದಲ್ಲಿ ತನ್ನಿ" ಅಂದರು. ಅದು ರಾತ್ರಿಯಿಡೀ ಒಂದೂ ತಪ್ಪಿಲ್ಲದೆ ಪಾಸಾಯಿತು.

ಡೆಬಿಯನ್ ಲಿನಕ್ಸ್ ಅನ್ನು ಎಸ್‌ಎಸ್‌ಡಿಗೆ ಹೊಸದಾಗಿ ಹಾಕಿದೆ. ಅದರಲ್ಲಿ ಹೇಳುವಂಥದ್ದು ಏನಿಲ್ಲ. ಎಚ್61ರಲ್ಲಿ ಇರುವುದು ಡಿಸ್ಕ್ ಜೋಡಿಸುವ ಹಳೆಯ, ನಿಧಾನದ ಸಾಟಾ 2 ಮಾತ್ರ, ಆದರೂ ಹಾರ್ಡ್ ಡಿಸ್ಕಿಗೆ ಹೋಲಿಸಿದರೆ ತುಂಬಾ ಚುರುಕು. ಇಮ್ಮಿಚ್ ಸಲೀಸಾಗಿ ಓಡತೊಡಗಿತು.

ಆದರೆ ಲ್ಯಾಪ್‌ಟಾಪಿನಿಂದ ಸರ್ವರ್‌ಗೆ ವಿಡಿಯೊ ಕಾಪಿ ಮಾಡಿದರೆ ವೇಗ ಮೊದಲಿನಷ್ಟೇ. ಸೆಕೆಂಡಿಗೆ 11 ಎಂಬಿ. ಹಳೆಯ ಪ್ರೊಸೆಸರೇ ಕಾರಣ ಅಂತ ಇಷ್ಟು ದಿನ ಅದನ್ನೇ ದೂರುತ್ತಿದ್ದೆ. 11 ಅನ್ನುವ ಅಂಕಿಯನ್ನು ಆಗಲೇ ಗಮನಿಸಬೇಕಿತ್ತು. 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್, ಎಂಟು ಬಿಟ್‌ಗೆ ಒಂದು ಬೈಟ್) ಲೈನಿನಲ್ಲಿ ಸಿಗುವುದೇ ಅಷ್ಟು. ನೆಟ್‌ವರ್ಕ್ ವೇಗ ತೋರಿಸುವ ಎಥ್‌ಟೂಲ್‌ನಲ್ಲಿ ನೋಡಿದೆ. ಗಿಗಾಬಿಟ್ ಪೋರ್ಟ್ ಇದ್ದರೂ ಸ್ಪೀಡ್ 100 ಅಂತಲೇ ಇತ್ತು. ರೌಟರ್ ಸರಿಯಿತ್ತು. ಕೊನೆಗೆ ಗೋಡೆಯ ಅಂಚಿನಲ್ಲಿ ಎಳೆದಿದ್ದ ಲಾನ್ ಕೇಬಲ್ಲಿನ ತುದಿಯನ್ನು ಟಾರ್ಚ್ ಹಿಡಿದು ನೋಡಿದೆ. ಎಂಟು ತಂತಿಯಲ್ಲಿ ಕನೆಕ್ಟರ್‌ಗೆ ಹೋಗಿದ್ದು ನಾಲ್ಕೇ. ಕಿತ್ತಳೆ ಜೋಡಿ, ಹಸಿರು ಜೋಡಿ. ನೀಲಿ, ಕಂದು ಜೋಡಿಗಳನ್ನು ಯಾರೋ ಅಲ್ಲೇ ಕತ್ತರಿಸಿಬಿಟ್ಟಿದ್ದರು. 100ಕ್ಕೆ ನಾಲ್ಕು ತಂತಿ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು.

ಎರಡೂ ತುದಿ ಕತ್ತರಿಸಿ, ಕ್ರಿಂಪಿಂಗ್ ಟೂಲ್ ತಂದು ಮತ್ತೆ ಹಾಕಿದೆ. ಕಿತ್ತಳೆ-ಬಿಳಿ, ಕಿತ್ತಳೆ, ಹಸಿರು-ಬಿಳಿ, ನೀಲಿ, ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಕಂದು. ಎರಡೂ ಕಡೆ ಇದೇ ಸಾಲು. ಕಾಪಿ ವೇಗ ಸೆಕೆಂಡಿಗೆ 110 ಎಂಬಿಗೆ ಏರಿತು. ಇಡೀ ಕೆಲಸದಲ್ಲಿ ಮನೆಯವರಿಗೆಲ್ಲ ಕಂಡ ಬದಲಾವಣೆ ಇದೊಂದೇ. ಖರ್ಚು ಎರಡು ಕನೆಕ್ಟರ್, ಒಂದು ಟೂಲ್.

ಕರೆಂಟಿನ ಲೆಕ್ಕವನ್ನೂ ಹಾಕಿದೆ. ಪ್ಲಗ್‌ಗೆ ಸಿಕ್ಕಿಸುವ ಮೀಟರ್‌ನಲ್ಲಿ ಸುಮ್ಮನಿದ್ದಾಗ ಮೊದಲು 38 ವ್ಯಾಟ್, ಈಗ 42. ತಿಂಗಳಿಗೆ ಸುಮಾರು 30 ಯೂನಿಟ್. ಗೃಹಜ್ಯೋತಿಯ ಮಿತಿ ದಾಟಿಲ್ಲ.

ಚಿಕ್ಕಪ್ಪನ ಕಂಪ್ಯೂಟರಿನ 1 ಟಿಬಿ ಡಿಸ್ಕನ್ನು ಬ್ಯಾಕಪ್‌ಗೆ ಬಳಸುವ ಆಸೆ ಇತ್ತು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯಲ್ಲಿ 197ನೇ ಸಾಲು, ಅಂದರೆ ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳ ಲೆಕ್ಕ, 24 ಅಂತಿತ್ತು. ಅದನ್ನು ಬಿಟ್ಟೆ. ಬಿಡಿಭಾಗದಲ್ಲಿ ಏನನ್ನಾದರೂ ಹಳೆಯದು ಬಳಸುತ್ತೇನೆ, ಬ್ಯಾಕಪ್ ಡಿಸ್ಕ್ ಮಾತ್ರ ಹೊಸದೇ ಬೇಕು. 2 ಟಿಬಿಯದು ಎರಡು ಕೊಂಡೆ. ಒಂದು ಇಲ್ಲೇ ಇದೆ, ಪ್ರತಿ ರಾತ್ರಿ ಎರಡು ಗಂಟೆಗೆ ಅದಕ್ಕೆ ಆರ್‌ಸಿಂಕ್ ಅನ್ನುವ ಪ್ರೋಗ್ರಾಂನಿಂದ ಕಾಪಿ ಆಗುತ್ತದೆ. ಇನ್ನೊಂದು ಮೈಸೂರಿನಲ್ಲಿ ಅಕ್ಕನ ಮನೆಯ ಬೀರುವಿನಲ್ಲಿದೆ. ದಸರಾಗೆ ಹೋದಾಗ ಅದಲುಬದಲು ಮಾಡುತ್ತೇನೆ. ಅಜ್ಜಿಯ ಹಾಡುಗಳು ಎರಡರಲ್ಲೂ ಇವೆ.